ಬಟಾಣಿ ಗಿಡದಿಂದ ಹರಿಶ್ಚಂದ್ರನವರೆಗೆ

ಕಾಲೇಜಿನಲ್ಲಿ ವಿಡಿಯೊ ಶೂಟ್ ಮಾಡೋಣ ಎಂದು ಯಾರಾದರೂ ಬಾಯಿ ಬಿಟ್ಟರೆ ಸಾಕು, ನಿರ್ದೇಶಕರಾಗಲು ಹತ್ತು ಜನ, ಹೀರೊ ಆಗಲು ಇಪ್ಪತ್ತು ಜನ ಕೈ ಎತ್ತುತ್ತಾರೆ. ಪ್ರಿನ್ಸಿಪಾಲರಿಂದ ಅನುಮತಿ ಪತ್ರ ತರುವವರು ಯಾರು, ಸಂಜೆ ನಾಲ್ಕಕ್ಕೆ ಆ ಕಾರಿಡಾರಿನಲ್ಲಿ ಬೆಳಕು ಯಾವ ಕಡೆಯಿಂದ ಬೀಳುತ್ತದೆ ಎಂದು ನೋಡಿಕೊಂಡು ಬರುವವರು ಯಾರು, ಮಧ್ಯಾಹ್ನ ಹದಿನೈದು ಜನರಿಗೆ ಊಟ ಎಲ್ಲಿಂದ ಎಂದು ಕೇಳಿದರೆ ಮಾತ್ರ ಎಲ್ಲರೂ ತಲೆ ತಗ್ಗಿಸಿ ಮೊಬೈಲ್ ನೋಡತೊಡಗುತ್ತಾರೆ. ನಾನು ಬಿ.ಇ. ಆರನೇ ಸೆಮಿಸ್ಟರಿನ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿನಿ. ನಮ್ಮ ವಿಭಾಗದ ಉತ್ಸವಕ್ಕೆ ಹತ್ತು ನಿಮಿಷದ ವಿಡಿಯೊ ಮಾಡುವುದೆಂದು ತೀರ್ಮಾನವಾದಾಗ ಈ ಎರಡನೇ ಪಟ್ಟಿ ನನ್ನ ಪಾಲಿಗೆ ಬಂತು. ಹುದ್ದೆಯ ಹೆಸರು ಪ್ರೊಡಕ್ಷನ್ ಮ್ಯಾನೇಜರ್. ಕೆಲಸ ಮಾತ್ರ, ಏನೇನು ಕೆಡಬಹುದು ಎಂದು ಎಲ್ಲರಿಗಿಂತ ಮೊದಲೇ ಯೋಚಿಸುವುದು.

ಈ ಕೆಲಸವನ್ನು ನಮಗಿಂತ ಮೊದಲು ಮಾಡಿದವರು ಯಾರು ಎಂದು ಹುಡುಕುತ್ತಾ ಹೋದಾಗ ಸಿಕ್ಕಿದ್ದು ದಾದಾಸಾಹೇಬ್ ಫಾಲ್ಕೆ. ನಮಗೆಲ್ಲ ಅವರು ಜಿ.ಕೆ. ಪುಸ್ತಕದ ಒಂದು ಸಾಲು: ಭಾರತದ ಮೊದಲ ಪೂರ್ಣಪ್ರಮಾಣದ ಚಲನಚಿತ್ರ 'ರಾಜಾ ಹರಿಶ್ಚಂದ್ರ', ವರ್ಷ 1913. ಆ ಒಂದು ಸಾಲಿನ ಹಿಂದೆ ಎಷ್ಟು ತಯಾರಿ ಇತ್ತು ಎಂದು ಓದಿದ ಮೇಲೆ ಅವರು ನನಗೆ ನಿರ್ದೇಶಕರಿಗಿಂತ ಹೆಚ್ಚಾಗಿ ಒಬ್ಬ ಎಂಜಿನಿಯರ್ ಆಗಿ ಕಾಣಿಸತೊಡಗಿದರು.

ನಲವತ್ತರ ಹೊಸ್ತಿಲಲ್ಲಿ

ಧುಂಡಿರಾಜ್ ಗೋವಿಂದ ಫಾಲ್ಕೆ ಹುಟ್ಟಿದ್ದು 1870ರ ಏಪ್ರಿಲ್ 30ರಂದು, ನಾಸಿಕ್ ಬಳಿಯ ತ್ರ್ಯಂಬಕದಲ್ಲಿ. 1885ರಲ್ಲಿ ಮುಂಬೈನ ಜೆ.ಜೆ. ಕಲಾಶಾಲೆ ಸೇರಿದರು. ಆಮೇಲೆ ಬರೋಡಾದ ಕಲಾಭವನದಲ್ಲಿ ಚಿತ್ರಕಲೆ, ಛಾಯಾಗ್ರಹಣ ಎಂದು ಕೈಗೆ ಸಿಕ್ಕಿದ್ದನ್ನೆಲ್ಲ ಕಲಿತರು. ಗೋಧ್ರಾದಲ್ಲಿ ಫೋಟೊ ಸ್ಟುಡಿಯೊ ಇಟ್ಟರು. ಪ್ಲೇಗ್ ಮಾರಿ ಹೆಂಡತಿಯನ್ನೂ ಮಗುವನ್ನೂ ಕಿತ್ತುಕೊಂಡಿತು. ಜಾದೂ ಕಲಿತು, ತಮ್ಮ ಹೆಸರಿನ ಅಕ್ಷರಗಳನ್ನೇ ತಿರುವುಮುರುವು ಮಾಡಿ ಪ್ರೊಫೆಸರ್ ಕೆಲ್ಫಾ ಎಂಬ ಹೆಸರಿನಲ್ಲಿ ಪ್ರದರ್ಶನ ಕೊಟ್ಟರು. ಪುರಾತತ್ವ ಇಲಾಖೆಯಲ್ಲಿ ಕೆಲಸ ಮಾಡಿದರು. ಅದನ್ನು ಬಿಟ್ಟು ಮುದ್ರಣಕ್ಕೆ ಇಳಿದರು, ರವಿವರ್ಮ ಪ್ರೆಸ್ಸಿಗೂ ದುಡಿದರು. 1909ರಲ್ಲಿ ಬಣ್ಣದ ಮುದ್ರಣದ ಯಂತ್ರಗಳಿಗಾಗಿ ಜರ್ಮನಿಗೆ ಹೋಗಿ ಬಂದರು. ಕೊನೆಗೆ ಪಾಲುದಾರರ ಜೊತೆ ಮನಸ್ತಾಪವಾಗಿ ಪ್ರೆಸ್ಸನ್ನೂ ಬಿಟ್ಟು ಹೊರಬಂದರು.

ನಮ್ಮ ಕಡೆ ಇಂಥವರನ್ನು ಒಂದು ಕಡೆ ನಿಲ್ಲದವನು ಎನ್ನುತ್ತಾರೆ. ನಲವತ್ತು ದಾಟುತ್ತಿದ್ದ, ಸಂಸಾರವಿದ್ದ, ಕೆಲಸವಿಲ್ಲದ ಮನುಷ್ಯ. ಆದರೆ ಇನ್ನೊಂದು ರೀತಿಯಲ್ಲಿ ನೋಡಿ: ಫೋಟೊ ತೆಗೆಯಲು ಗೊತ್ತು, ಫಿಲ್ಮ್ ತೊಳೆಯಲು ಬೇಕಾದ ರಸಾಯನಗಳು ಗೊತ್ತು, ಪರದೆ ಬರೆಯಲು ಗೊತ್ತು, ಯಂತ್ರ ಬಿಚ್ಚಿ ಜೋಡಿಸಲು ಗೊತ್ತು, ನೋಡುವವರ ಕಣ್ಣಿಗೆ ಮಂಕುಬೂದಿ ಎರಚಲೂ ಗೊತ್ತು. ಸಿನಿಮಾ ಎಂಬ ಕೆಲಸಕ್ಕೆ ಬೇಕಾದ ಅಷ್ಟೂ ವಿದ್ಯೆಗಳು ಅವರಿಗೇ ಅರಿವಿಲ್ಲದಂತೆ ಒಂದು ಕಡೆ ಕೂಡಿಕೊಂಡಿದ್ದವು.

ಅಂಥ ಹೊತ್ತಿನಲ್ಲಿ ಅವರು ಮುಂಬೈನ ಒಂದು ಚಿತ್ರಮಂದಿರದಲ್ಲಿ ಕ್ರಿಸ್ತನ ಜೀವನದ ಕುರಿತ ವಿದೇಶಿ ಚಿತ್ರ ನೋಡಿದರು. ತೆರೆಯ ಮೇಲೆ ಕ್ರಿಸ್ತ ಕಾಣುತ್ತಿದ್ದರೆ ಅವರ ಕಣ್ಣ ಮುಂದೆ ರಾಮ, ಕೃಷ್ಣರು ಓಡಾಡುತ್ತಿದ್ದರಂತೆ. ಮರುದಿನವೇ ಕ್ಯಾಮೆರಾ ಹಿಡಿದು ಬೀದಿಗಿಳಿದರು ಎಂದುಕೊಂಡರೆ ಅದು ತಪ್ಪು. ಮೊದಲು ಮಾಡಿದ್ದು ಮತ್ತೆ ಮತ್ತೆ ಸಿನಿಮಾ ನೋಡುವುದು. ಮನೆಗೊಂದು ಪುಟ್ಟ ಸಿನಿಮಾ ಯಂತ್ರ ತಂದು ಮೇಣದಬತ್ತಿಯ ಬೆಳಕಿನಲ್ಲಿ ಗೋಡೆಯ ಮೇಲೆ ಚಿತ್ರ ಮೂಡಿಸುವುದು. ನಿದ್ದೆಗೆಟ್ಟು ಇದೇ ಗುಂಗಿನಲ್ಲಿ ಇದ್ದು ಕಣ್ಣು ಹೋಗುವಷ್ಟಾಯಿತು. ವೈದ್ಯರ ಚಿಕಿತ್ಸೆಯಿಂದ, ಕನ್ನಡಕಗಳಿಂದ ದೃಷ್ಟಿ ಮರಳಿತು.

ಆಮೇಲೆ ಲಂಡನ್ನಿಗೆ ಹೊರಟರು. ದುಡ್ಡು ಎಲ್ಲಿಂದ? ಜೀವವಿಮೆಯ ಪಾಲಿಸಿಗಳನ್ನು ಅಡವಿಟ್ಟು ಸುಮಾರು 10,000 ರೂಪಾಯಿ ತಂದರು. 1912ರ ಫೆಬ್ರುವರಿ 1ರಂದು ಹಡಗು ಹತ್ತಿದರು. ಅಲ್ಲಿ ಸಿನಿಮಾ ವಾರಪತ್ರಿಕೆಯೊಂದರ ಸಂಪಾದಕರನ್ನು ಕಂಡರು, ಸೆಸಿಲ್ ಹೆಪ್‌ವರ್ತ್ ಎಂಬ ನಿರ್ಮಾಪಕರ ಸ್ಟುಡಿಯೊದಲ್ಲಿ ಕೆಲಸ ಕಣ್ಣಾರೆ ನೋಡಿದರು. ವಿಲಿಯಮ್ಸನ್ ಕ್ಯಾಮೆರಾ, ಫಿಲ್ಮಿಗೆ ತೂತು ಹಾಕುವ ಯಂತ್ರ, ಕೊಡಕ್ ಕಚ್ಚಾ ಫಿಲ್ಮ್ ಎಲ್ಲಕ್ಕೂ ಏರ್ಪಾಡು ಮಾಡಿಕೊಂಡು ಏಪ್ರಿಲ್ 1ಕ್ಕೆ ವಾಪಸ್ಸಾದರು. ಹೋಗಿ ಬಂದದ್ದು ಎರಡೇ ತಿಂಗಳು, ಅದರಲ್ಲಿ ಹಡಗಿನಲ್ಲೇ ಕಳೆದ ದಿನಗಳೆಷ್ಟೋ. ಏನು ಕಲಿಯಬೇಕು, ಏನು ಕೊಳ್ಳಬೇಕು ಎಂಬ ಪಟ್ಟಿ ತಲೆಯಲ್ಲಿ ಇಟ್ಟುಕೊಂಡೇ ಹೋದವರಿಗೆ ಮಾತ್ರ ಇದು ಸಾಧ್ಯ.

ಮೊದಲ ನಟ, ಒಂದು ಬಟಾಣಿ

ನನಗೆ ಅವರ ಇಡೀ ಬದುಕಿನಲ್ಲಿ ಅತ್ಯಂತ ಇಷ್ಟವಾದ ಘಟ್ಟ ಇದು. ಕ್ಯಾಮೆರಾ ಬಂತು, ಅದನ್ನು ಜೋಡಿಸಿದ್ದೂ ಆಯಿತು. ಆದರೆ ಪೂರ್ಣ ಚಿತ್ರಕ್ಕೆ ದುಡ್ಡಿಲ್ಲ, ಸಾಲ ಕೊಡುವವರಿಗೆ ಈ ಮನುಷ್ಯನ ಮೇಲೆ ನಂಬಿಕೆ ಇಲ್ಲ. ಫಾಲ್ಕೆ ಭಾಷಣ ಮಾಡಲಿಲ್ಲ. ಒಂದು ಕುಂಡದಲ್ಲಿ ಬಟಾಣಿ ಬೀಜ ಬಿತ್ತಿದರು. ಅದು ಮೊಳೆತು, ಚಿಗುರಿ, ಬೆಳೆಯುವುದನ್ನು ಸುಮಾರು ಒಂದು ತಿಂಗಳ ಕಾಲ ಬಿಡಿ ಬಿಡಿ ಫ್ರೇಮುಗಳಲ್ಲಿ ಸೆರೆಹಿಡಿದರು. ತೆರೆಯ ಮೇಲೆ ಹಾಕಿದಾಗ ಒಂದು ತಿಂಗಳ ಬೆಳವಣಿಗೆ ಕೆಲವೇ ಕ್ಷಣಗಳಲ್ಲಿ ಕಣ್ಣ ಮುಂದೆ ನಡೆಯಿತು. ಇವತ್ತು ನಮ್ಮ ಮೊಬೈಲಿನಲ್ಲಿ ಟೈಮ್‌ಲ್ಯಾಪ್ಸ್ ಎಂದು ಒಂದು ಬಟನ್ ಇದೆಯಲ್ಲ, ಅದೇ. ಅದನ್ನು ನೋಡಿದವರು ಸಾಲ ಕೊಡಲು ಮುಂದಾದರು.

ನಮ್ಮ ಲ್ಯಾಬಿನ ಭಾಷೆಯಲ್ಲಿ ಹೇಳುವುದಾದರೆ ಇದು ಪ್ರೊಟೊಟೈಪ್. ಈ ಒಂದು ಪ್ರಯೋಗದಲ್ಲಿ ಎಷ್ಟು ಪ್ರಶ್ನೆಗಳಿಗೆ ಉತ್ತರ ಸಿಕ್ಕಿತು ನೋಡಿ. ಕ್ಯಾಮೆರಾದೊಳಗೆ ಫಿಲ್ಮ್ ಸರಿಯಾಗಿ ಸರಿಯುತ್ತದೆಯೇ? ತೂತುಗಳು ಹಲ್ಲುಗಳಿಗೆ ಹೊಂದುತ್ತವೆಯೇ? ಮುಂಬೈನ ಬಿಸಿಲಿಗೆ ಬೆಳಕಿನ ಅಂದಾಜು ಸರಿ ಇದೆಯೇ? ಮನೆಯಲ್ಲೇ ತೊಳೆದ ಫಿಲ್ಮ್ ಮೇಲೆ ಚಿತ್ರ ನಿಲ್ಲುತ್ತದೆಯೇ? ಎಲ್ಲಕ್ಕೂ ನಟ ಒಬ್ಬನೇ, ಅವನಿಗೆ ಸಂಬಳವಿಲ್ಲ, ಮಣ್ಣು ನೀರು ಸಾಕು. ಏನಾದರೂ ಕೆಟ್ಟಿದ್ದರೆ ಹೋಗುತ್ತಿದ್ದುದು ಒಂದು ಬಟಾಣಿ ಗಿಡ. ಹೊಟ್ಟೆ ಹಸಿದ ಅರವತ್ತು ಜನರನ್ನು ನಿಲ್ಲಿಸಿಕೊಂಡು ಕ್ಯಾಮೆರಾ ಕೆಟ್ಟಿದೆ ಎಂದು ಕಂಡುಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು.

ಕನಸಿನ ಬೆನ್ನು ಹತ್ತಿ ಎಲ್ಲವನ್ನೂ ಪಣಕ್ಕಿಡಿ ಎಂದು ನಮ್ಮ ವಯಸ್ಸಿನವರಿಗೆ ಹೇಳುವ ರೀಲ್ಸ್ ದಿನಕ್ಕೆ ಹತ್ತು ಬರುತ್ತವೆ. ಫಾಲ್ಕೆ ಪಣಕ್ಕಿಟ್ಟದ್ದು ನಿಜ. ಆದರೆ ಒಂದೊಂದು ಹೆಜ್ಜೆಯ ಕೆಳಗೂ ನೆಲ ಗಟ್ಟಿ ಇದೆಯೇ ಎಂದು ತಟ್ಟಿ ನೋಡಿದ್ದೂ ಅಷ್ಟೇ ನಿಜ.

ಹರಿಶ್ಚಂದ್ರನ ಕಾರ್ಖಾನೆ

ಕತೆ ಆಯ್ಕೆಯಲ್ಲೂ ಅದೇ ಎಚ್ಚರ. ಚಿತ್ರ ಮೂಕಿ, ಮಾತಿಲ್ಲ. ನೋಡುವವರಲ್ಲಿ ತೆರೆಯ ಮೇಲಿನ ಬರಹ ಓದಲು ಬಾರದವರೇ ಹೆಚ್ಚು. ಹಾಗಾದರೆ ಎಲ್ಲರಿಗೂ ಮೊದಲೇ ಗೊತ್ತಿರುವ ಕತೆ ಬೇಕು. ಹರಿಶ್ಚಂದ್ರ ಯಾರಿಗೆ ಗೊತ್ತಿಲ್ಲ? ನಮಗೆ ರಾಘವಾಂಕ ಕೊಟ್ಟ ಚಂದ್ರಮತಿ, ಲೋಹಿತಾಶ್ವರು ಗೊತ್ತು. ಅಲ್ಲಿ ಅವರೇ ತಾರಾಮತಿ, ರೋಹಿತಾಶ್ವ. ಹೆಸರು ಬೇರೆಯಾದರೂ ಕಣ್ಣೀರು ಒಂದೇ.

ದಾದರ್‌ನ ಮನೆಯೇ ಸ್ಟುಡಿಯೊ ಆಯಿತು. ಬಾಲ್ಯದ ಗೆಳೆಯ ತ್ರ್ಯಂಬಕ್ ತೆಲಂಗ್‌ಗೆ ಕ್ಯಾಮೆರಾ ನಡೆಸುವುದನ್ನು ಹೇಳಿಕೊಟ್ಟರು. ಹರಿಶ್ಚಂದ್ರನ ಪಾತ್ರಕ್ಕೆ ದತ್ತಾತ್ರೇಯ ದಾಬ್ಕೆ ಸಿಕ್ಕರು. ತಾರಾಮತಿ ಮಾತ್ರ ಸಿಗಲಿಲ್ಲ. ಕ್ಯಾಮೆರಾ ಮುಂದೆ ನಿಲ್ಲಲು ಯಾವ ಹೆಂಗಸೂ ಒಪ್ಪದ ಕಾಲ ಅದು. ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರು, ಕಂಡಕಂಡಲ್ಲಿ ಅಲೆದರು. ಸ್ವಂತ ಹೆಂಡತಿ ಸರಸ್ವತಿಬಾಯಿಯವರನ್ನು ಕೇಳಿದರು. ಅವರೂ ಒಲ್ಲೆ ಎಂದರು. ಕಡೆಗೆ ಗ್ರಾಂಟ್ ರಸ್ತೆಯ ಒಂದು ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ಅಣ್ಣಾ ಸಾಳುಂಕೆ ಎಂಬ ಯುವಕನ ತೆಳ್ಳನೆಯ ಕೈಗಳು ಕಣ್ಣಿಗೆ ಬಿದ್ದವು. ಅಲ್ಲಿ ತಿಂಗಳಿಗೆ ಹತ್ತು ರೂಪಾಯಿ ಸಿಗುತ್ತಿತ್ತು, ಫಾಲ್ಕೆ ಹದಿನೈದು ಕೊಡುತ್ತೇನೆಂದರು. ಭಾರತದ ಮೊದಲ ನಾಯಕಿ ಸಿಕ್ಕಿದ್ದು ಹೀಗೆ, ಐದು ರೂಪಾಯಿ ವ್ಯತ್ಯಾಸದಲ್ಲಿ.

ಹೆಣ್ಣುವೇಷ ಹಾಕುವವರಿಗೆ ಇನ್ನೊಂದು ತೊಡಕು. ಮೀಸೆ ಬೋಳಿಸಬೇಕು. ತಂದೆ ಬದುಕಿರುವಾಗ ಮೀಸೆ ತೆಗೆಯುವುದು ಅಪಶಕುನ. ನಮ್ಮ ಹಳ್ಳಿಗಳಲ್ಲೂ ಈ ಮಾತು ಕೇಳಿದವರಿದ್ದಾರೆ. ಅದಕ್ಕೂ ಫಾಲ್ಕೆ ಕೂತು ಮಾತಾಡಿ ಒಪ್ಪಿಸಬೇಕಾಯಿತು. ಸಿನಿಮಾದಲ್ಲಿ ಕೆಲಸ ಎಂದರೆ ಊರಿನಲ್ಲಿ ಮರ್ಯಾದೆ ಹೋಗುತ್ತಿತ್ತು. ಅದಕ್ಕೂ ಉಪಾಯ ಇತ್ತು. ಯಾರಾದರೂ ಕೇಳಿದರೆ ಹರಿಶ್ಚಂದ್ರ ಎಂಬುವರ ಕಾರ್ಖಾನೆಯಲ್ಲಿ ಕೆಲಸ ಎಂದು ಹೇಳಿ ಎಂದು ತಮ್ಮವರಿಗೆ ಕಲಿಸಿಕೊಟ್ಟರು. 2009ರಲ್ಲಿ ಪರೇಶ್ ಮೊಕಾಶಿ ಫಾಲ್ಕೆ ಬಗ್ಗೆ ಮಾಡಿದ ಮರಾಠಿ ಚಿತ್ರಕ್ಕೆ 'ಹರಿಶ್ಚಂದ್ರಾಚಿ ಫ್ಯಾಕ್ಟರಿ' ಎಂದು ಹೆಸರಿಟ್ಟದ್ದು ಇದೇ ಕಾರಣಕ್ಕೆ. ಸಿಕ್ಕರೆ ನೋಡಿ, ನಗುತ್ತಾ ನಗುತ್ತಾ ಬಹಳ ಕಲಿಯಬಹುದು.

ಇಷ್ಟು ಯೋಚಿಸಿದವರಿಗೂ ಒಂದು ತಪ್ಪಿಹೋಯಿತು. ಹೊರಾಂಗಣ ಚಿತ್ರೀಕರಣಕ್ಕೆ ಮುಂಬೈ ಬಳಿಯ ಹಳ್ಳಿಯೊಂದಕ್ಕೆ ತಂಡವನ್ನು ಮುಂದಾಗಿ ಕಳಿಸಿದರು, ತಾವು ಹಿಂದಿನಿಂದ ಬರುವವರಿದ್ದರು. ಕತ್ತಿ, ಗುರಾಣಿ, ಕಿರೀಟ ಹೊತ್ತ ಗುಂಪನ್ನು ಕಂಡ ಹಳ್ಳಿಯವರು ದರೋಡೆಕೋರರೆಂದೇ ತಿಳಿದರು. ಸುದ್ದಿ ಪೊಲೀಸರಿಗೆ ಹೋಗಿ ಎಲ್ಲರೂ ಸಿಕ್ಕಿಬಿದ್ದರು. ಫಾಲ್ಕೆ ಬಂದು ಎಷ್ಟು ಹೇಳಿದರೂ ಸಿನಿಮಾ ಎಂದರೇನೆಂದೇ ಗೊತ್ತಿಲ್ಲದವರಿಗೆ ಹೇಗೆ ಅರ್ಥವಾಗಬೇಕು? ಕೊನೆಗೆ ಕ್ಯಾಮೆರಾ ನಿಲ್ಲಿಸಿ, ಒಳಗೆ ಫಿಲ್ಮ್ ಹಾಕದೆಯೇ, ನಟರಿಂದ ಒಂದು ದೃಶ್ಯ ಮಾಡಿಸಿ ತೋರಿಸಿದ ಮೇಲೆ ಬಿಡುಗಡೆಯಾಯಿತು. ಆ ಗಾಬರಿಯಲ್ಲೂ ಫಿಲ್ಮ್ ಉಳಿಸಿದ್ದಾರೆ ನೋಡಿ!

ಈ ಪ್ರಸಂಗ ಓದಿದ ದಿನವೇ ನಾನು ಅನುಮತಿ ಪತ್ರದ ಆರು ಜೆರಾಕ್ಸ್ ಮಾಡಿಸಿದೆ. ಒಂದು ಸೆಕ್ಯೂರಿಟಿ ಅಂಕಲ್ ಹತ್ತಿರ, ಒಂದು ಗ್ರಂಥಾಲಯದಲ್ಲಿ, ಒಂದು ಕ್ಯಾಂಟೀನಿನಲ್ಲಿ. ಪತ್ರ ನಿರ್ದೇಶಕರ ಜೇಬಿನಲ್ಲಿದ್ದರೆ ಸಾಲದು. ಮೊದಲು ಹೋಗಿ ನಿಲ್ಲುವವರ ಕೈಯಲ್ಲಿ ಇರಬೇಕು.

ಬೆಳ್ಳನೆಯ ಬಟ್ಟೆ ಹಿಡಿದವರು

ಫಾಲ್ಕೆ ಕತೆಯಲ್ಲಿ ನಾನು ಅತಿ ಹೆಚ್ಚು ಹೊತ್ತು ನಿಂತದ್ದು ಸರಸ್ವತಿಬಾಯಿಯವರ ಬಳಿ. ಅವರು ತಾರಾಮತಿಯಾಗಲು ಒಪ್ಪಲಿಲ್ಲ, ಸರಿ. ಆದರೆ ಅವರಿಗೆ ಬೇರೆ ಕೆಲಸ ಕಡಿಮೆ ಇರಲಿಲ್ಲ. ಅರವತ್ತು ಎಪ್ಪತ್ತು ಜನರ ತಂಡಕ್ಕೆ ಅಡುಗೆ ಅವರದು. ನಟರ ಬಟ್ಟೆ ಒಗೆಯುವುದು ಅವರದು. ಬಿಸಿಲನ್ನು ನಟರ ಮುಖಕ್ಕೆ ತಿರುಗಿಸಲು ಬಿಳಿ ಬಟ್ಟೆ ಹಿಡಿದು ಗಂಟೆಗಟ್ಟಲೆ ನಿಲ್ಲುವುದು ಅವರದು. ಫಿಲ್ಮ್ ತೊಳೆಯಲು ರಸಾಯನ ಬೆರೆಸುವುದೂ ಅವರದೇ. ರಾತ್ರಿ ಮಕ್ಕಳು ಮಲಗಿದ ಮೇಲೆ ಕತ್ತಲಲ್ಲಿ ಕೂತು ಫಿಲ್ಮಿಗೆ ತೂತು ಹಾಕುವ ಕೆಲಸ.

ಈ ತೂತಿನ ಲೆಕ್ಕ ನನ್ನನ್ನು ಕಾಡಿತು. ಆಗಿನ ಕಚ್ಚಾ ಫಿಲ್ಮ್ ಅಂಚಿನಲ್ಲಿ ತೂತಿಲ್ಲದೆ ಬರುತ್ತಿತ್ತು. ತೂತಿಲ್ಲದಿದ್ದರೆ ಕ್ಯಾಮೆರಾದ ಹಲ್ಲುಗಳು ಅದನ್ನು ಎಳೆಯಲಾರವು. 35 ಮಿ.ಮೀ. ಫಿಲ್ಮಿನಲ್ಲಿ ಒಂದು ಅಡಿಗೆ 16 ಫ್ರೇಮು. ಒಂದು ಫ್ರೇಮಿಗೆ ಎರಡೂ ಅಂಚು ಸೇರಿ 8 ತೂತು. 'ರಾಜಾ ಹರಿಶ್ಚಂದ್ರ'ದ ಉದ್ದ ಸುಮಾರು 3,700 ಅಡಿ. ಗುಣಿಸಿ ನೋಡಿದರೆ 4,73,600 ತೂತುಗಳು! ಇದು ಒಂದು ಪ್ರತಿಗೆ ಮಾತ್ರ. ನೆಗೆಟಿವ್ ಬೇರೆ, ಪ್ರದರ್ಶನದ ಪ್ರತಿ ಬೇರೆ. ಯಂತ್ರ ಇತ್ತು ನಿಜ. ಆದರೆ ಕತ್ತಲಲ್ಲಿ ಫಿಲ್ಮ್ ಕೂರಿಸಿ, ಸರಿಸಿ, ಒಂದೂ ತಪ್ಪದಂತೆ ನೋಡಿಕೊಂಡ ಬೆರಳುಗಳು ಮನುಷ್ಯರವು. ಅಂಚು ಒಂದು ಕಡೆ ಓರೆಯಾದರೆ ತೆರೆಯ ಮೇಲೆ ಹರಿಶ್ಚಂದ್ರ ಮಹಾರಾಜ ನಡುಗುತ್ತಿದ್ದ.

ಫಾಲ್ಕೆ ಹೆಸರು ನನ್ನ ಜಿ.ಕೆ. ಪುಸ್ತಕದಲ್ಲಿದೆ. ಸರಸ್ವತಿಬಾಯಿ ಹೆಸರು ಇಲ್ಲ. ಊಟ, ಬಟ್ಟೆ, ಬೆಳಕು, ಪತ್ರ ಇವನ್ನೆಲ್ಲ ಚಿಲ್ಲರೆ ಕೆಲಸ ಎಂದು ಒಬ್ಬರ ತಲೆಗೆ ಕಟ್ಟುವುದು, ಅದರಲ್ಲೂ ತಂಡದಲ್ಲಿ ಹುಡುಗಿ ಇದ್ದರೆ ಅವಳಿಗೇ ಕಟ್ಟುವುದು ನೂರು ವರ್ಷದಲ್ಲಿ ಹೆಚ್ಚೇನೂ ಬದಲಾಗಿಲ್ಲ. ಈ ಕೆಲಸ ನನಗೆ ಇಷ್ಟ, ಅದರ ಬಗ್ಗೆ ದೂರಿಲ್ಲ. ಆದರೆ ಅದು ಚಿಲ್ಲರೆ ಅಲ್ಲ ಎಂದು ತಂಡದ ಮುಂದೆ ಹೇಳಲು ನನಗೆ ಈ 4,73,600 ಎಂಬ ಸಂಖ್ಯೆ ಸಹಾಯ ಮಾಡಿತು. ಎಂಜಿನಿಯರಿಂಗ್ ಹುಡುಗರಿಗೆ ಮಾತಿಗಿಂತ ಅಂಕಿ ಬೇಗ ನಾಟುತ್ತದೆ.

ಇನ್ನೊಂದು ಪ್ರಸಂಗದಲ್ಲಿ ಮಾತ್ರ ನಾನು ಫಾಲ್ಕೆ ಪಕ್ಷ ವಹಿಸಲಾರೆ. ಅವರ ಮಗ ಭಾಲಚಂದ್ರನೇ ರೋಹಿತಾಶ್ವ. ಚಿತ್ರೀಕರಣದ ಜಾಗದಲ್ಲಿ ಆಡುತ್ತಾ ಬಂಡೆಯ ಮೇಲೆ ಬಿದ್ದು ತಲೆಗೆ ಪೆಟ್ಟಾಗಿ ಎಚ್ಚರ ತಪ್ಪಿದ. ಪೆಟ್ಟಿಗೆ ಉಪಚಾರವೇನೋ ಆಯಿತು. ಆದರೆ ಅಂದು ತೆಗೆಯಬೇಕಿದ್ದುದು ಬಾಲಕ ಸತ್ತ ದೃಶ್ಯ. ಫಾಲ್ಕೆ ಎಚ್ಚರ ತಪ್ಪಿದ ಮಗನನ್ನೇ ಮಲಗಿಸಿ ದೃಶ್ಯ ಮುಗಿಸಿದರು ಎನ್ನುತ್ತಾರೆ. ಇದನ್ನು ಕೆಲವರು ನಿಷ್ಠೆ ಎಂದು ಹೊಗಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಯಾವ ದೃಶ್ಯಕ್ಕೂ ಒಂದು ಮಗುವಿನ ತಲೆಗಿಂತ ಹೆಚ್ಚು ಬೆಲೆ ಇಲ್ಲ. ಯಾರಿಗಾದರೂ ಪೆಟ್ಟಾದರೆ ಅಂದಿನ ಶೂಟ್ ಅಲ್ಲಿಗೇ ನಿಲ್ಲುತ್ತದೆ ಎಂದು ನಮ್ಮ ಪಟ್ಟಿಯಲ್ಲಿ ಮೊದಲ ಸಾಲಾಗಿ ಬರೆದಿದ್ದೇನೆ. ಇಂಥ ತೀರ್ಮಾನವನ್ನು ಪೆಟ್ಟು ಬಿದ್ದ ಮೇಲೆ ಮಾಡಲು ಹೋದರೆ, ಇನ್ನೊಂದೇ ಶಾಟ್ ಎಂಬ ಆಸೆ ಗೆದ್ದುಬಿಡುತ್ತದೆ.

ಎರಡು ಮೈಲಿ ಉದ್ದದ ಚಿತ್ರ

ಒಟ್ಟು ಆರು ತಿಂಗಳು 27 ದಿನಗಳಲ್ಲಿ ಚಿತ್ರ ಮುಗಿಯಿತು. 1913ರ ಏಪ್ರಿಲ್ 21ರಂದು ಗಣ್ಯರಿಗಾಗಿ ಒಂದು ಪ್ರದರ್ಶನ, ಮೇ 3ರಂದು ಮುಂಬೈನ ಕಾರೊನೇಷನ್ ಚಿತ್ರಮಂದಿರದಲ್ಲಿ ಬಿಡುಗಡೆ. ನಾಲ್ಕೇ ರೀಲಿನ ಚಿತ್ರಕ್ಕೆ ಜನರನ್ನು ಕರೆಯುವ ಉಪಾಯವನ್ನೂ ಅವರು ಬಲ್ಲರು. ಇಡೀ ರಾತ್ರಿ ನಡೆಯುವ ನಾಟಕಗಳಿಗೆ ಒಗ್ಗಿಕೊಂಡ ಜನ ಇಷ್ಟು ಚಿಕ್ಕ ಆಟಕ್ಕೆ ದುಡ್ಡು ಕೊಡಲು ಹಿಂಜರಿದಾಗ, 57,000 ಫೋಟೊಗಳ, ಎರಡು ಮೈಲಿ ಉದ್ದದ ಚಿತ್ರ ಮೂರೇ ಆಣೆಗೆ ಎಂದು ಜಾಹೀರಾತು ಕೊಟ್ಟರು. ನಾನು ಇದನ್ನೂ ಲೆಕ್ಕ ಹಾಕಿದೆ. 3,700 ಅಡಿಗೆ 16ರಂತೆ 59,200 ಫ್ರೇಮು. ಫೋಟೊಗಳ ಸಂಖ್ಯೆ ಹೆಚ್ಚುಕಡಿಮೆ ಸರಿ. ಆದರೆ 3,700 ಅಡಿ ಎಂದರೆ ಮುಕ್ಕಾಲು ಮೈಲಿಯೂ ಆಗದು. ಪ್ರೊಫೆಸರ್ ಕೆಲ್ಫಾ ಇನ್ನೂ ಒಳಗೇ ಇದ್ದರು!

ನಂತರ ಅವರು ನಾಸಿಕ್‌ಗೆ ಹೋದರು. ಮುಂದಿನ ಚಿತ್ರ 'ಮೋಹಿನಿ ಭಸ್ಮಾಸುರ'ಕ್ಕೆ ದುರ್ಗಾಬಾಯಿ ಕಾಮತ್ ಮತ್ತು ಅವರ ಮಗಳು ಕಮಲಾಬಾಯಿ ಬಂದರು. ಹೆಂಗಸರೇ ಸಿಗದ ತೊಡಕು ಅಲ್ಲಿಗೆ ನೀಗಿತು. 1917ರ 'ಲಂಕಾದಹನ'ದಲ್ಲಿ ನಮ್ಮ ಸಾಳುಂಕೆ ರಾಮನೂ ಆದರು, ಸೀತೆಯೂ ಆದರು. ಅದೇ ವರ್ಷ ಸಿನಿಮಾ ಹೇಗೆ ತಯಾರಾಗುತ್ತದೆ ಎಂದು ತೋರಿಸುವ ಒಂದು ಚಿತ್ರವನ್ನೇ ಫಾಲ್ಕೆ ತೆಗೆದರು. ಇಂದಿನ ಮೇಕಿಂಗ್ ವಿಡಿಯೊಗಳ ಅಜ್ಜ ಅದು. ತಾವು ಪಟ್ಟ ಪಾಡನ್ನು ಬಚ್ಚಿಡದೆ ಮುಂದಿನವರಿಗೆ ತೋರಿಸಿಕೊಟ್ಟ ಗುಣ ಇದು.

ಮುಂಗಾಣದ್ದು

ಇಲ್ಲಿಗೆ ಕತೆ ಮುಗಿದಿದ್ದರೆ ಚೆನ್ನಾಗಿತ್ತು. 1918ರಲ್ಲಿ ಹಣವಂತರ ಜೊತೆ ಸೇರಿ ಹಿಂದೂಸ್ಥಾನ್ ಸಿನಿಮಾ ಫಿಲ್ಮ್ಸ್ ಕಂಪನಿ ಕಟ್ಟಿದರು. ಲೆಕ್ಕ, ಖರ್ಚು, ಅಧಿಕಾರದ ವಿಷಯದಲ್ಲಿ ಮುನಿಸು ಬೆಳೆದು ಕಾಶಿಗೆ ಹೊರಟುಹೋದರು, ನಾಟಕ ಬರೆದರು, ಮತ್ತೆ ಮರಳಿದರು. ಆದರೆ ಮೊದಲಿನ ಹುರುಪು ಮರಳಲಿಲ್ಲ. 1931ರಲ್ಲಿ 'ಆಲಂ ಆರಾ' ಬಂದು ತೆರೆ ಮಾತಾಡತೊಡಗಿತು. ಆ ಹೊತ್ತಿಗೆ ಫಾಲ್ಕೆ 'ಸೇತುಬಂಧನ' ಎಂಬ ಮೂಕಿ ಚಿತ್ರದಲ್ಲಿ ಮುಳುಗಿದ್ದರು. ಅದಕ್ಕೆ ಆಮೇಲೆ ದನಿ ಸೇರಿಸಬೇಕಾಯಿತು. 1937ರಲ್ಲಿ ಕೊಲ್ಹಾಪುರದಲ್ಲಿ ಮಾಡಿದ 'ಗಂಗಾವತರಣ' ಅವರ ಏಕೈಕ ಟಾಕಿ, ಕೊನೆಯ ಚಿತ್ರ. 1944ರ ಫೆಬ್ರುವರಿ 16ರಂದು ನಾಸಿಕ್‌ನಲ್ಲಿ ತೀರಿಕೊಂಡಾಗ ಅವರು ಕಟ್ಟಿದ ಉದ್ಯಮ ಅವರನ್ನು ಮರೆತೇಬಿಟ್ಟಿತ್ತು.

ತೂತು, ಬೆಳಕು, ಮೀಸೆ, ಸಂಬಳ ಎಲ್ಲವನ್ನೂ ಮೊದಲೇ ಕಂಡವರಿಗೆ ದನಿ ಬರುವುದು ಕಾಣಲಿಲ್ಲ. ಇದನ್ನು ಸೋಲು ಎನ್ನಲು ನನಗೆ ಮನಸ್ಸಿಲ್ಲ. ಶೂಟಿನ ಪಟ್ಟಿ ಎಷ್ಟೇ ಉದ್ದವಿರಲಿ, ಅದರಲ್ಲಿ ಇಲ್ಲದ್ದು ಒಂದು ಇದ್ದೇ ಇರುತ್ತದೆ. ಪಟ್ಟಿಯಲ್ಲಿರುವುದು ಸರಿಯಿದ್ದರೆ, ಇಲ್ಲದ್ದು ಎದುರಾದಾಗ ಅದರತ್ತ ನೋಡಲು ಪುರುಸೊತ್ತಾದರೂ ಸಿಗುತ್ತದೆ. ಬಾಯಾರಿದಾಗ ಬಾವಿ ತೋಡಿದರು ಎಂಬ ಗಾದೆ ಇದೆಯಲ್ಲ, ಬಾವಿ ಮೊದಲೇ ತೋಡಿಟ್ಟವರಿಗೂ ಹಗ್ಗ ಹರಿಯಬಹುದು. ಆದರೆ ಅವರು ಹಗ್ಗ ಹೊಸೆದರೆ ಸಾಕು, ಬಾವಿ ತೋಡಬೇಕಿಲ್ಲ.

1969ರಲ್ಲಿ ಅವರ ಹೆಸರಿನಲ್ಲಿ ಪ್ರಶಸ್ತಿ ಆರಂಭವಾಯಿತು. 1995ರ ಸಾಲಿನದು ನಮ್ಮ ಡಾ. ರಾಜ್‌ಕುಮಾರ್ ಅವರಿಗೆ ಬಂತು, ತೆರೆಯ ಮೇಲೆ ಹರಿಶ್ಚಂದ್ರನಾಗಿ ನಮ್ಮವರನ್ನು ಅಳಿಸಿದ ಅದೇ ಅಣ್ಣಾವ್ರಿಗೆ. 2008ರ ಸಾಲಿನದು ಮೈಸೂರಿನ ವಿ.ಕೆ. ಮೂರ್ತಿ ಅವರಿಗೆ. ಕ್ಯಾಮೆರಾ ಹಿಂದೆ ನಿಂತು ಬೆಳಕು ತಿದ್ದುವ ಛಾಯಾಗ್ರಾಹಕರೊಬ್ಬರಿಗೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು.

'ರಾಜಾ ಹರಿಶ್ಚಂದ್ರ'ದ ನಾಲ್ಕು ರೀಲುಗಳಲ್ಲಿ ಮೊದಲನೆಯದು, ಕೊನೆಯದು ಮಾತ್ರ ಇಂದು ಉಳಿದಿವೆ. ಅಷ್ಟು ಕಷ್ಟಪಟ್ಟ ಚಿತ್ರದ ನಡುವಿನ ಭಾಗವೇ ಇಲ್ಲ. ಹಾಗಾಗಿ ಗೆಳೆಯರೇ, ಶೂಟ್ ಮುಗಿದ ಸಂಜೆಯೇ ಎರಡು ಕಡೆ ಕಾಪಿ ಮಾಡಿಡಿ, ಒಂದು ನಿಮ್ಮ ಲ್ಯಾಪ್‌ಟಾಪಿನಲ್ಲಿ, ಇನ್ನೊಂದು ಬೇರೆಯವರ ಮನೆಯಲ್ಲಿ. ಶೂಟಿಗೆ ಒಂದು ವಾರ ಮೊದಲು ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ, ಅದೇ ಮೈಕಿನಲ್ಲಿ ಒಂದೇ ಒಂದು ನಿಮಿಷ ತೆಗೆದು ನೋಡಿ. ಅದು ನಿಮ್ಮ ಬಟಾಣಿ ಗಿಡ. ಮತ್ತು ಬಿಳಿ ಬಟ್ಟೆ ಹಿಡಿದು ನಿಂತವರ ಹೆಸರನ್ನು ಟೈಟಲ್ ಕಾರ್ಡಿಗೆ ಶೂಟಿಗೆ ಮೊದಲೇ ಬರೆದಿಡಿ. ಆಮೇಲೆ ಬರೆಯೋಣ ಎಂದದ್ದು ಸಾಮಾನ್ಯವಾಗಿ ಉಳಿದುಹೋಗುತ್ತದೆ.